ಹಿರೀಸಾವೆ ಇಳಿಯೋರು ಯಾರ್ರೀ?

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಕುಣಿಗಲ್ ಬಿಟ್ಟ ಮೇಲೆ, ಒಂದು ಸಣ್ಣ ನಿದ್ದೆ ಮುಗಿಯುವಷ್ಟರಲ್ಲಿ ಮೂರು ಜಿಲ್ಲೆಗಳು ಚಕ್ರದಡಿ ಸರಿದುಹೋಗುತ್ತವೆ. ಯಡಿಯೂರು ಸಿದ್ಧಲಿಂಗೇಶ್ವರನ ಗುಡಿ ತುಮಕೂರಿಗೆ ಸೇರಿದ್ದು. ಅದರ ಬೆನ್ನಿಗೇ ಬರುವ ಬೆಳ್ಳೂರು ಕ್ರಾಸ್ ಮಂಡ್ಯದ್ದು, ನಾಗಮಂಗಲ ತಾಲ್ಲೂಕು. ಕದಬಹಳ್ಳಿ ಟೋಲ್ ದಾಟಿ ಮುಂದೆ ಬಂದರೆ ಹಿರೀಸಾವೆ. ಅದು ಹಾಸನ ಜಿಲ್ಲೆ, ಚನ್ನರಾಯಪಟ್ಟಣ ತಾಲ್ಲೂಕು. ಹಗಲಲ್ಲಿ ಈ ಗಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆಚೆಗೂ ತೆಂಗು, ಈಚೆಗೂ ತೆಂಗು. ಆಚೆಗೂ ರಾಗಿ ಹೊಲ, ಈಚೆಗೂ ರಾಗಿ ಹೊಲ. ಆಚೆಯ ಹೆಣ್ಣುಮಕ್ಕಳು ಈಚೆಗೆ ಸೊಸೆಯರಾಗಿ ಬಂದಿದ್ದಾರೆ, ನಾನೂ ಹಾಗೆ ಬಂದವಳೇ. ಸಂಕ್ರಾಂತಿ ಸುಮಾರಿಗೆ ಬೂಕನಬೆಟ್ಟದ ಜಾತ್ರೆ ಕಟ್ಟಿದರೆ ಸುತ್ತಲ ಸೀಮೆಯ ಹಳ್ಳಿಕಾರ್ ಹೋರಿಗಳೆಲ್ಲ ಒಂದೇ ಬಯಲಲ್ಲಿ ನಿಲ್ಲುತ್ತವೆ. ಯಾವ ಜೋಡಿ ಯಾವ ಜಿಲ್ಲೆಯದೆಂದು ಯಾರೂ ವಿಚಾರಿಸುವುದಿಲ್ಲ, ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ ಅಷ್ಟೆ.

ನಡುರಾತ್ರಿ ಬಸ್ಸಿನಲ್ಲಿ ಬರುವವರಿಗೆ ಮಾತ್ರ ಈ ಗಡಿ ಬಹಳ ದೊಡ್ಡದು. ಬೆಂಗಳೂರು ಬಿಟ್ಟ ಬಸ್ಸು ಚನ್ನರಾಯಪಟ್ಟಣದಲ್ಲಿ ನಿಂತೀತು, ಹಾಸನದಲ್ಲಂತೂ ನಿಂತೇ ನಿಲ್ಲುತ್ತದೆ. ಹಿರೀಸಾವೆಯಲ್ಲಿ ನಿಲ್ಲುವುದೋ ಇಲ್ಲವೋ ಎನ್ನುವುದು ಆವತ್ತಿನ ಡ್ರೈವರು, ಕಂಡಕ್ಟರು ಮನಸ್ಸು ಮಾಡುವುದರ ಮೇಲೆ ನಿಂತಿದೆ. ಅವರು ಮನಸ್ಸು ಮಾಡಿದರೆ ನಾವು ಊರು ಸೇರಿದೆವು. ಇಲ್ಲದಿದ್ದರೆ ಊರಿನ ದೀಪಗಳನ್ನು ಕಿಟಕಿಯಲ್ಲಿ ನೋಡುತ್ತಲೇ ಇಪ್ಪತ್ತು ಇಪ್ಪತ್ತೆರಡು ಕಿಲೋಮೀಟರ್ ಮುಂದೆ ಹೋಗಿ, ಚನ್ನರಾಯಪಟ್ಟಣದಲ್ಲಿ ಇಳಿದು, ಹಿಂದಕ್ಕೆ ಬರುವ ಬಸ್ಸಿಗಾಗಿ ಬೆಳಗಿನವರೆಗೆ ಕೂರಬೇಕು. ನಾನು ಬರೆಯಹೊರಟದ್ದು ಈ ಸಂಗತಿಯನ್ನೇ. ಇದು ಬಹಳ ಸಣ್ಣದು ಅನಿಸಬಹುದು. ಭೂಮಿಯ ಇನ್ನೊಂದು ಮಗ್ಗುಲಿಂದ ಹೊರಟು ಬಂದವಳಿಗೆ ಅದು ಸಣ್ಣದಾಗಿ ಕಾಣಲಿಲ್ಲ.

ನಮ್ಮ ಮಗಳು ಇರುವುದು ಕೆನಡಾದ ಟೊರೊಂಟೊ ನಗರದ ಸ್ಕಾರ್ಬರೋ ಎಂಬ ಕಡೆ. ಅವಳ ಬಾಣಂತನಕ್ಕೆಂದು ನಾನು ಹೋದದ್ದು. ಈಗ ನಮ್ಮ ಸೀಮೆಯ ಎಷ್ಟೋ ಹೆಂಗಸರು ಹೀಗೆ ಹೋಗಿಬರುತ್ತಾರೆ. ಒಂದು ಕಾಲಕ್ಕೆ ಚೊಚ್ಚಿಲ ಬಾಣಂತನವೆಂದರೆ ಮಗಳು ತವರಿಗೆ ಬರುವುದು. ಈಗ ತವರೇ ಎರಡು ಪೆಟ್ಟಿಗೆ ಕಟ್ಟಿಕೊಂಡು ಮಗಳ ಮನೆಗೆ ಹೋಗುತ್ತದೆ. ನಮ್ಮ ತೋಟದ ಕೊಬ್ಬರಿ, ಒಣಶುಂಠಿ, ಮೆಣಸಿನ ಸಾರಿನ ಪುಡಿ, ಅಂಟಿನುಂಡೆ, ಮಗುವನ್ನು ಎರೆಯಲು ಕಡಲೆಹಿಟ್ಟು, ಹಳೆಯ ಪಂಚೆ ಹರಿದು ಮಾಡಿದ ಮೆತ್ತನೆ ಬಟ್ಟೆಗಳು. ಆ ದೇಶದಲ್ಲಿ ಬಂದವರನ್ನು ಸಾಮಾನ್ಯವಾಗಿ ಆರು ತಿಂಗಳು ಇರಗೊಡುತ್ತಾರೆ. ಬಾಣಂತನಕ್ಕೆ ಅಷ್ಟು ಸಾಕು; ಆದರೆ ಮಗು ಅಜ್ಜಿಯ ಮುಖ ಗುರುತು ಹಿಡಿದು ನಗಲು ಕಲಿಯುವ ಹೊತ್ತಿಗೆ ಹೊರಡುವ ದಿನ ಬಂದುಬಿಡುತ್ತದೆ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ವಾಪಸು ಬರುವ ಏರ್ಪಾಟಿನಲ್ಲಿ ಎಲ್ಲರ ಚಿಂತೆಯೂ ವಿಮಾನದ ಮೇಲೇ ಇತ್ತು. ಟೊರೊಂಟೊದಿಂದ ದುಬೈ, ದುಬೈನಿಂದ ಬೆಂಗಳೂರು. ಮಧ್ಯೆ ಇಳಿದು ವಿಮಾನ ಬದಲಿಸುವುದು ಹೇಗೆ, ಯಾವ ಬೋರ್ಡು ನೋಡಬೇಕು, ಯಾರನ್ನು ಕೇಳಬೇಕು, ಎಲ್ಲವನ್ನೂ ಮಗಳು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಳು. ಬೆಂಗಳೂರು ಮುಟ್ಟಿದ ಮೇಲಿನ ಮಾತಿಗೆ ಆ ಹಾಳೆಯಲ್ಲಿ ಒಂದೇ ಸಾಲು: ಟ್ಯಾಕ್ಸಿ. ಅಳಿಯಂದಿರೂ ಅದನ್ನೇ ಒತ್ತಿ ಹೇಳಿದರು. ನಾನು ಒಪ್ಪಲಿಲ್ಲ. ದುಡ್ಡಿನ ಲೆಕ್ಕ ಒಂದು ಕಡೆ ಇರಲಿ. ಹಗಲೆಲ್ಲ ಊರೊಳಗೆ ಕಾರು ಓಡಿಸಿ ದಣಿದ ಹುಡುಗನೊಬ್ಬ ನಡುರಾತ್ರಿ ನನ್ನನ್ನು ಹತ್ತಿಸಿಕೊಂಡು, ನೂರೈವತ್ತು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕಣ್ಣುಜ್ಜಿಕೊಂಡು ಓಡಿಸಬೇಕು, ನನ್ನನ್ನು ಇಳಿಸಿ ಖಾಲಿ ಕಾರಿನಲ್ಲಿ ಹಿಂತಿರುಗಬೇಕು. ಆ ಹೆದ್ದಾರಿಯಲ್ಲಿ ಬೆಳಗಿನ ಜಾವ ನಿಂತ ಲಾರಿಗೆ ಕಾರು ಹೊಡೆದ ಸುದ್ದಿಯನ್ನು ನಾವು ಓದುತ್ತಲೇ ಇರುತ್ತೇವೆ. ರಾತ್ರಿ ಬಸ್ಸಿನ ಡ್ರೈವರಿಗೆ ಆ ದಾರಿ, ಆ ಹೊತ್ತು ಎರಡೂ ಮೈಗೂಡಿರುತ್ತವೆ. ಜೊತೆಗೆ ಐವತ್ತು ಜನ ಇರುತ್ತಾರೆ. ನಮ್ಮ ಯಜಮಾನರು ಫೋನಿನಲ್ಲಿ, “ಬಸ್ಸೇ ಸರಿ. ಹಿರೀಸಾವೆಗೆ ನಾನು ಬಂದಿರ್ತೀನಿ, ಎಷ್ಟೊತ್ತಾದ್ರೂ ಸರಿ” ಅಂದರು. ಅಲ್ಲಿಗೆ ತೀರ್ಮಾನವಾಯಿತು.

ವಿಮಾನ ಇಳಿದಾಗ ರಾತ್ರಿ ಹತ್ತರ ಹತ್ತಿರ. ದೇವನಹಳ್ಳಿಯ ಈ ನಿಲ್ದಾಣ ಶುರುವಾದದ್ದು 2008ರಲ್ಲಿ. ಅದಕ್ಕೆ ಮೊದಲು ಹಳೆ ಎಚ್‌ಎಎಲ್ ನಿಲ್ದಾಣವೇ ಎಲ್ಲಕ್ಕೂ. ಈಗ ಹೊರದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಬರುತ್ತವೆ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಕಟ್ಟಡ ಅದು. ಅದೇ ದಿನ ಹೊರಗೆ ಕೆಂಪೇಗೌಡರ 108 ಅಡಿ ಪ್ರತಿಮೆಯೂ ಅನಾವರಣಗೊಂಡಿತು. ಒಳಗೆ ತಲೆ ಎತ್ತಿದರೆ ಬಿದಿರು, ಎಲ್ಲಿ ನೋಡಿದರೂ ಬಿದಿರು, ಮೇಲಿಂದ ಇಳಿಬಿಟ್ಟ ಹಸಿರು. ಹದಿನೇಳು ಹದಿನೆಂಟು ತಾಸು ಆಕಾಶದಲ್ಲಿ ಕೂತು, ಕಾಲು ಊದಿಕೊಂಡು, ಕಿವಿ ಇನ್ನೂ ಗುಂಯ್‌ಗುಡುತ್ತಿದ್ದಾಗ ಆ ಬಿದಿರು ನೋಡಿ ನನಗೆ ನಿಜವಾಗಿ ಸಮಾಧಾನವಾಯಿತು. ಪಾಸ್‌ಪೋರ್ಟ್ ನೋಡುವ ಹುಡುಗಿ ಕನ್ನಡದವಳಲ್ಲ, ಆದರೂ “ಬನ್ನಿ ಅಮ್ಮ” ಎಂದು ಕರೆದಳು. ಮೊಹರು ಒತ್ತಿದಳು. ದೇಶದ ಗಡಿ ದಾಟಲು ಅಷ್ಟೇ ಹೊತ್ತು ಹಿಡಿದದ್ದು.

ವಿಮಾನಕ್ಕೂ ನಮ್ಮ ಜಿಲ್ಲೆಗೂ ಇರುವ ನಂಟು ಆ ಸಾಲಿನಲ್ಲಿ ನಿಂತಾಗ ನೆನಪಾಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಮನೆತನದ ಜಮೀನು ಹೇಮಾವತಿ ಅಣೆಕಟ್ಟಿನ ನೀರಿಗೆ ಹೋಗಿ, ಬದಲಿಗೆ ಸಿಕ್ಕ ಜಾವಗಲ್ ಕಡೆಯ ಭೂಮಿಯಲ್ಲಿ ಅವರು ಬೇಸಾಯ ಮಾಡಿದವರು. ಮುಂದೆ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ, ರೈಲಿನಲ್ಲಿ ಹೋಗುವವರನ್ನೂ ವಿಮಾನಕ್ಕೆ ಹತ್ತಿಸಿದರು. ನನ್ನಂಥ ತೋಟದ ಮನೆಯ ಹೆಂಗಸು ವಿಮಾನದ ಮೆಟ್ಟಿಲು ಹತ್ತುವುದು ಯಾರಿಗೂ ಅಚ್ಚರಿಯಲ್ಲದ ಕಾಲ ಬಂದದ್ದರಲ್ಲಿ ನಮ್ಮ ಜಿಲ್ಲೆಯವರ ಪಾಲೂ ಇದೆ. ನನಗೆ ಇದು ಹೆಮ್ಮೆಯ ಮಾತು.

ನಿಲ್ದಾಣದ ಹೊರಗೆ ಬಂದರೆ ಬಿಎಂಟಿಸಿಯ ವಾಯುವಜ್ರ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಮೆಜೆಸ್ಟಿಕ್‌ಗೆ ಹೋಗುವುದು ಕೆಐಎ–9. ಹುಡುಗನೊಬ್ಬ ಕೇಳದೆಯೇ ನನ್ನ ಎರಡೂ ಪೆಟ್ಟಿಗೆ ಎತ್ತಿ ಒಳಗಿಟ್ಟ. ಹೆಬ್ಬಾಳ, ಮೇಖ್ರಿ ಸರ್ಕಲ್, ಆಮೇಲೆ ಮೆಜೆಸ್ಟಿಕ್. ಇಳಿಯುವಾಗ ಹನ್ನೆರಡು ಹೊಡೆದಿತ್ತು.

ಮೆಜೆಸ್ಟಿಕ್ಕಿನ ನಡುರಾತ್ರಿಯನ್ನು ಕಾಣದವರು ಬೆಂಗಳೂರನ್ನು ಪೂರ್ತಿ ಕಂಡಂತಲ್ಲ ಎಂದು ನನಗೆ ಅನಿಸುತ್ತದೆ. ವಿಮಾನ ನಿಲ್ದಾಣದಲ್ಲಿ ಎಲ್ಲರೂ ಒಬ್ಬೊಬ್ಬರೇ. ಇಲ್ಲಿ ಎಲ್ಲರೂ ಸಂಸಾರ ಸಮೇತ. ಗೋಣಿಚೀಲ, ಪ್ಲಾಸ್ಟಿಕ್ ಬಿಂದಿಗೆ, ಸುತ್ತಿದ ಚಾಪೆ, ನಿದ್ದೆಗಣ್ಣಿನ ಮಕ್ಕಳು, ಗುಂಪು ಚದುರದಂತೆ ಕಾಯುತ್ತ ನಿಂತ ಒಬ್ಬ ಹಿರಿಯ ಹೆಂಗಸು. ಕೂಗುಗಳು: “ಮೈಸೂರು ಮೈಸೂರು”, “ಧರ್ಮಸ್ಥಳ ಧರ್ಮಸ್ಥಳ”, “ಹಾಸನ ನಾನ್‌ಸ್ಟಾಪ್”. ಆರು ತಿಂಗಳ ಹತ್ತಿರ ಮಗಳ ಕನ್ನಡವೊಂದನ್ನೇ ಕೇಳಿದ್ದ ಕಿವಿಗೆ ಆ ಕೂಗು ಕೇಳಿ ನನಗೆ ಕಣ್ಣು ತುಂಬಿ ಬಂತು.

ಮೊದಲು ಸಿಕ್ಕಿದ್ದು ಮಂಗಳೂರಿಗೆ ಹೋಗುವ ಒಂದು ಖಾಸಗಿ ಬಸ್ಸು. ಅದರ ಹುಡುಗ ನನ್ನ ಪೆಟ್ಟಿಗೆ ನೋಡಿ ಉತ್ಸಾಹದಿಂದ ಬಂದವನು, ಊರ ಹೆಸರು ಕೇಳಿ ಹಿಂದೆ ಸರಿದ. “ಹಿರೀಸಾವೆ ನಿಲ್ಸಲ್ಲಮ್ಮ. ಹಾಸನ ಟಿಕೆಟ್ ತಗೊಂಡು ಹಾಸನದಲ್ಲೇ ಇಳ್ಕೊಳ್ಳಿ.” ಇನ್ನೊಂದು ಬಸ್ಸಿನವನು ಚನ್ನರಾಯಪಟ್ಟಣದ ಬೈಪಾಸಿನಲ್ಲಿ ಇಳಿಸುತ್ತೇನೆಂದ. ಊರೊಳಗಲ್ಲ, ಬೈಪಾಸಿನಲ್ಲಿ, ರಾತ್ರಿ ಮೂರೂವರೆಗೆ, ಎರಡು ಪೆಟ್ಟಿಗೆ ಜೊತೆ. ಅವರದನ್ನು ಪೂರ್ತಿ ತಪ್ಪೆನ್ನಲಾರೆ. ಮಂಗಳೂರಿಗೆ ಬೆಳಗಾಗುವುದರೊಳಗೆ ಮುಟ್ಟಿಸಬೇಕು, ಮುಂದೆ ಶಿರಾಡಿ ಘಾಟಿ ಇದೆ, ಹತ್ತು ಕಡೆ ನಿಂತರೆ ಆಗುವುದಿಲ್ಲ. ಆದರೆ ನಡುವಿನ ಊರಿನವರು ಎಲ್ಲಿಗೆ ಹೋಗಬೇಕು ಎನ್ನುವುದಕ್ಕೆ ಅದು ಉತ್ತರವಲ್ಲ.

ರೈಲು ಇಲ್ಲವೇ ಎಂದು ಕೇಳಬಹುದು. 2017ರ ಮಾರ್ಚಿನಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಬೆಂಗಳೂರಿಂದ ನೇರ ರೈಲು ಬಂತು. ದಶಕಗಳ ಕಾಲ ಕಾದಿದ್ದ ದಾರಿ ಅದು, ಬಂದದ್ದು ದೊಡ್ಡ ಉಪಕಾರ. ಆದರೆ ನಡುರಾತ್ರಿ ಮೆಜೆಸ್ಟಿಕ್ಕಿನಲ್ಲಿ ನಿಂತವಳಿಗೆ ಅದರಿಂದ ಪ್ರಯೋಜನವಿಲ್ಲ.

ಕೊನೆಗೆ ಸಿಕ್ಕಿದ್ದು ಧರ್ಮಸ್ಥಳಕ್ಕೆ ಹೊರಟಿದ್ದ ಕೆಂಪು ಬಸ್ಸು. ಆಗಲೇ ಮುಕ್ಕಾಲು ತುಂಬಿತ್ತು. ಕಂಡಕ್ಟರ್ ನಡುವಯಸ್ಸಿನವರು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದರು. ನಾನು ಹಿರೀಸಾವೆ ಅಂದೆ. ಅವರು ತಕ್ಷಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಡ್ರೈವರ್ ಸೀಟಿನ ಕಡೆ ಹೋಗಿ ಏನೋ ಮಾತಾಡಿ ಬಂದರು.

“ಒಬ್ರೇನಾ ಅಮ್ಮಾ?”

“ಒಬ್ಳೇ ಕಣಪ್ಪಾ.”

“ಅಷ್ಟೊತ್ನಲ್ಲಿ ಕರ್ಕೊಂಡೋಗಕ್ಕೆ ಯಾರಾದ್ರೂ ಬತ್ತಾರಾ?”

“ನಮ್ ಯಜಮಾನ್ರು ಬಂದಿರ್ತಾರೆ.”

“ಹಂಗಾದ್ರೆ ಹತ್ತಿ. ನಿಲ್ಸಣ.”

ಆ ‘ನಿಲ್ಸಣ’ ಕೇಳಿದಾಗ ಆದ ನೆಮ್ಮದಿ ದುಬೈನಲ್ಲಿ ಸರಿಯಾದ ಗೇಟು ಸಿಕ್ಕಾಗಲೂ ಆಗಿರಲಿಲ್ಲ. ಆಧಾರ್ ಕಾರ್ಡ್ ತೆಗೆದು ತೋರಿಸಿದೆ. ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತಲ್ಲ, ಈ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಕೊಡುತ್ತಾರೆ. ಕಂಡಕ್ಟರ್ ಕಾರ್ಡನ್ನು ದೀಪದ ಕೆಳಗೆ ಹಿಡಿದು, “ಹಿರೀಸಾವೆ ಹೋಬ್ಳಿ, ಚನ್ರಾಯಪಟ್ಣ ತಾಲೂಕು” ಎಂದು ಮೆಲ್ಲಗೆ ಓದಿದರು. ಒಂದೇ ರಾತ್ರಿ ನನ್ನ ಎರಡು ಗುರುತಿನ ಕಾಗದಗಳನ್ನು ಇಬ್ಬರು ಓದಿದ್ದರು. ಪಾಸ್‌ಪೋರ್ಟ್ ನೋಡಿದವಳಿಗೆ ನಾನು ಭಾರತದವಳು ಎಂದಷ್ಟು ತಿಳಿದರೆ ಸಾಕಿತ್ತು. ಈ ಕಾರ್ಡಿನಲ್ಲಿ ನನ್ನ ಹೋಬಳಿ ಇತ್ತು, ಹಳ್ಳಿ ಇತ್ತು, ನಮ್ಮ ಯಜಮಾನರ ಹೆಸರಿತ್ತು. ಟಿಕೆಟ್ ಶೂನ್ಯವಾದರೂ ಲಗೇಜಿಗೆ ದುಡ್ಡು ಕೊಟ್ಟೆ, ಮೂವತ್ತು ಕೆ.ಜಿ. ಮೀರಿದ ಸಾಮಾನಿಗೆ ಕೊಡಲೇಬೇಕು. ಸಂತೋಷದಿಂದ ಕೊಟ್ಟೆ.

ಶಕ್ತಿ ಯೋಜನೆಯ ಬಗ್ಗೆ ಪರ ವಿರೋಧ ಮಾತು ಬಹಳ ಕೇಳಿದ್ದೇನೆ. ನಾನು ನೋಡಿದ್ದನ್ನು ಹೇಳುತ್ತೇನೆ. ಆ ಬಸ್ಸಿನಲ್ಲಿ ಮುಕ್ಕಾಲು ಪಾಲು ಹೆಂಗಸರಿದ್ದರು. ಮಂಜುನಾಥನ ದರ್ಶನಕ್ಕೆ ಹೊರಟ ಒಂದು ಗುಂಪು, ಅದರಲ್ಲಿ ಸೊಂಟ ಬಾಗಿದ ಒಬ್ಬ ಅಜ್ಜಿ. ಬೆಳ್ಳೂರು ಕ್ರಾಸಿಗೆ ಇಳಿಯುವ ಇಬ್ಬರು ಹುಡುಗಿಯರು, ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದವರ ಆಸ್ಪತ್ರೆ, ಕಾಲೇಜುಗಳಿವೆ, ಅಲ್ಲಿ ನರ್ಸಿಂಗ್ ಓದುವವರಂತೆ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ದುಡಿದು, ತಾಯಿಗೆ ಹುಷಾರಿಲ್ಲವೆಂದು ರಾತ್ರೋರಾತ್ರಿ ಹಾಸನಕ್ಕೆ ಹೊರಟವಳೊಬ್ಬಳು ನನ್ನ ಪಕ್ಕ ಕೂತಳು. ರಾತ್ರಿ ಬಸ್ಸಿನಲ್ಲಿ ಇಷ್ಟು ಹೆಂಗಸರು ಒಬ್ಬೊಬ್ಬರೇ ಕೂತು ಹೋಗುವುದನ್ನು ನಾನು ಚಿಕ್ಕವಳಿದ್ದಾಗ ಊಹಿಸಲೂ ಆಗುತ್ತಿರಲಿಲ್ಲ. ಬಸ್ಸಿನ ತುಂಬ ಹೆಂಗಸರಿದ್ದಾರೆ ಅನ್ನುವುದೇ ಒಬ್ಬಳು ಹೆಂಗಸಿಗೆ ದೊಡ್ಡ ಧೈರ್ಯ.

ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್, ನೆಲಮಂಗಲ. ಅಲ್ಲಿ ತುಮಕೂರು ರಸ್ತೆ ಬಲಕ್ಕೆ ಹೋಗುತ್ತದೆ, ನಮ್ಮದು ಎಡಕ್ಕೆ. ಮೊದಲು ಇದನ್ನು ನಾವೆಲ್ಲ ಎನ್‌ಎಚ್ 48 ಎನ್ನುತ್ತಿದ್ದೆವು. ಈಗ ಸಂಖ್ಯೆ ಬದಲಾಗಿ 75. ನಾಲ್ಕು ಪಥ ಆದ ಮೇಲೆ ದಾರಿ ಚೆನ್ನಾಗಿದೆ, ಹೊತ್ತೂ ಉಳಿಯುತ್ತದೆ. ಆದರೆ ರಸ್ತೆ ಅಗಲವಾದಷ್ಟೂ ಹಾದಿಯ ಸಣ್ಣ ಊರುಗಳು ಬಸ್ಸಿನಿಂದ ದೂರವಾದವು. ಹಿಂದೆ ಎರಡು ಪಥವಿದ್ದಾಗ ಯಾವ ಬಸ್ಸಾದರೂ ಊರು ಬಂದಾಗ ವೇಗ ಇಳಿಸಲೇಬೇಕಿತ್ತು. ಹಿರೀಸಾವೆಯ ಅಂಗಡಿ ಮುಂದೆ ನಿಂತು ಕೈ ತೋರಿಸಿದರೆ ನಿಲ್ಲುತ್ತಿತ್ತು. ಈಗ ನಡುವೆ ಕಟ್ಟೆ, ಪಕ್ಕದಲ್ಲಿ ಕಂಬಿ, ಅದರಾಚೆ ಸರ್ವಿಸ್ ರಸ್ತೆ. ನೂರರ ವೇಗದಲ್ಲಿ ಬರುವ ಬಸ್ಸಿಗೆ ಕೈ ತೋರಿಸುವುದಾದರೂ ಎಲ್ಲಿ ನಿಂತು?

ಪಕ್ಕದವಳು ಭುಜಕ್ಕೆ ಒರಗಿ ನಿದ್ದೆ ಹೋದಳು. ನನಗೆ ನಿದ್ದೆ ಹತ್ತಲಿಲ್ಲ. ಮೈಯೊಳಗೆ ಇನ್ನೂ ಟೊರೊಂಟೊದ ಹಗಲು ನಡೆಯುತ್ತಿತ್ತು. ಅಲ್ಲಿಗೂ ಇಲ್ಲಿಗೂ ಒಂಬತ್ತೂವರೆ, ಹತ್ತೂವರೆ ತಾಸಿನ ಅಂತರ. ಅಲ್ಲಿ ನಾನು ಕಂಡ ಒಂದು ರಾತ್ರಿ ಬಸ್ಸು ನೆನಪಿಗೆ ಬಂತು. ಮಗಳ ಗೆಳತಿಯ ಮನೆಗೆ ಊಟಕ್ಕೆ ಹೋಗಿ ತಡವಾಗಿ ಹೊರಟಿದ್ದೆವು. ಹಿಮ ಬಿದ್ದು ಗಟ್ಟಿಯಾಗಿತ್ತು. ಮಗಳು ಎದ್ದು ಡ್ರೈವರಿಗೆ ಏನೋ ಹೇಳಿ ಬಂದಳು. ಸ್ವಲ್ಪ ಹೊತ್ತಿಗೆ ಬಸ್ಸು ನಿಲುಗಡೆಯೇ ಅಲ್ಲದ ಜಾಗದಲ್ಲಿ, ನಮ್ಮ ಮನೆಯ ಓಣಿಯ ಬಾಯಲ್ಲಿ ನಿಂತಿತು. ಡ್ರೈವರು ಒಬ್ಬ ಹೆಂಗಸು. ಮುಂದಿನ ಬಾಗಿಲು ತೆರೆದು, ನಾವು ಇಳಿದು ಹೆಜ್ಜೆ ಊರಿದ ಮೇಲೇ ಹೊರಟಳು.

ನಾನು ಅದು ಆಕೆಯ ಒಳ್ಳೆಯತನ ಅಂದುಕೊಂಡೆ. ಮಗಳು, “ಅದು ಇಲ್ಲಿನ ನಿಯಮ ಅಮ್ಮಾ” ಎಂದಳು. ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಒಬ್ಬರೇ ಹೋಗುವವರು ಎರಡು ನಿಲುಗಡೆಗಳ ನಡುವೆ ಎಲ್ಲಿ ಕೇಳಿದರೂ, ನಿಲ್ಲಿಸಲು ಅಪಾಯವಿಲ್ಲದಿದ್ದರೆ, ಅಲ್ಲಿನ ನಗರ ಸಾರಿಗೆಯ ಬಸ್ಸು ನಿಲ್ಲುತ್ತದೆ. ಒಂದು ನಿಲುಗಡೆ ಮುಂಚೆ ಹೇಳಿದರಾಯಿತು. ಇಬ್ಬರಿದ್ದ ನಮಗೂ ಆಕೆ ಹಾಗೆಯೇ ನಿಲ್ಲಿಸಿದ್ದಳು. ಇದು 1991ರಲ್ಲಿ ಹೆಂಗಸರಿಗೆಂದು ಶುರುವಾದದ್ದು, ಆಮೇಲೆ ಎಲ್ಲರಿಗೂ ವಿಸ್ತರಿಸಿದರು. ಅದೇ ದೇಶದ ಮಾಂಟ್ರಿಯಲ್‌ನಲ್ಲಿ 1996ರಿಂದ ಇದೇ ತರಹದ ಏರ್ಪಾಟು ಇದೆ. ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಕೇರಳದ ಸರ್ಕಾರಿ ಬಸ್ಸುಗಳಲ್ಲಿ ರಾತ್ರಿ ಹೊತ್ತು ಹೆಂಗಸರು, ವಯಸ್ಸಾದವರು ಕೇಳಿದಲ್ಲಿ ಇಳಿಸಬೇಕೆಂದು ಆದೇಶ ಮಾಡಿದ್ದಾರೆ. ನಾನು ಬಹಳ ಯೋಚಿಸಿದ್ದು ಇದನ್ನೇ. ಒಳ್ಳೆಯ ಮನಸ್ಸಿನ ಕಂಡಕ್ಟರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಆವತ್ತು ನನಗೆ ಸಿಕ್ಕವರೂ ಅಂಥವರೇ. ಆದರೆ ಅಂಥವರು ಸಿಗದ ರಾತ್ರಿಯೂ ಇರುತ್ತದೆ. ನಿಯಮವಿದ್ದರೆ ಹೆಂಗಸು ಯಾರನ್ನೂ ಬೇಡಿಕೊಳ್ಳಬೇಕಿಲ್ಲ. ನಿಲ್ಲಿಸಿದ ಕಂಡಕ್ಟರೂ ತಡವಾಯಿತೆಂದು ಯಾರಿಂದಲೂ ಮಾತು ಕೇಳಬೇಕಿಲ್ಲ.

ಕುಣಿಗಲ್ ದಾಟಿ, ಯಡಿಯೂರಿನ ಹತ್ತಿರ ಹೋಟೆಲೊಂದರ ಮುಂದೆ ಬಸ್ಸು ಟೀಗೆ ನಿಂತಿತು. ಕಾಲಾಡಿಸಲು ಇಳಿದೆ. ಧರ್ಮಸ್ಥಳದ ಗುಂಪಿನ ಅಜ್ಜಿ ನನ್ನ ಪೆಟ್ಟಿಗೆಗೆ ಅಂಟಿಸಿದ್ದ ವಿಮಾನದ ಚೀಟಿ ನೋಡಿ, “ಯಾವೂರಿಂದ ಬಂದ್ಯವ್ವಾ?” ಎಂದಿತು. ಕೆನಡಾ ಅಂದರೆ ತಿಳಿಯದೇನೋ ಎಂದು “ಮಗಳ ಮನೆಯಿಂದ ಕಣಜ್ಜಿ, ಬಾಣಂತನಕ್ಕೆ ಹೋಗಿದ್ದೆ” ಎಂದೆ. “ಏನ್ ಮಗ?” “ಹೆಣ್ಮಗು.” “ಚೆನ್ನಾಗಿರ್ಲಿ ಬುಡು, ಮಂಜುನಾಥ ಕಾಪಾಡ್ತಾನೆ. ನಿನ್ ಹೆಸ್ರಲ್ಲೂ ಒಂದ್ ಕಾಯಿ ಒಡೆಸ್ತೀನಿ.” ಅಷ್ಟೇ ಮಾತು. ಮಗಳು ಎಷ್ಟು ದೂರದಲ್ಲಿದ್ದಾಳೆ ಎಂದು ಅಜ್ಜಿ ಕೇಳಲೇ ಇಲ್ಲ.

ಬೆಳ್ಳೂರು ಕ್ರಾಸಿನಲ್ಲಿ ನರ್ಸಿಂಗ್ ಹುಡುಗಿಯರು ಇಳಿದರು. ಅಲ್ಲಿ ದೀಪವಿದೆ, ಜನವಿದ್ದಾರೆ, ಆಟೋ ಇದೆ. ಬಸ್ಸು ಮತ್ತೆ ಕತ್ತಲಿಗೆ ಹೊರಳಿ ಕದಬಹಳ್ಳಿ ಟೋಲಿನ ಕಡೆ ಓಡಿತು. ಈ ತುಂಡು ದಾರಿಯಲ್ಲಿ ನನಗೆ ಎಂದೂ 2020 ನೆನಪಾಗದೆ ಇರುವುದಿಲ್ಲ. ಆ ವರ್ಷ ಮಾರ್ಚ್ 24ರ ರಾತ್ರಿಯಿಂದ ದೇಶ ಬಾಗಿಲು ಹಾಕಿತು. ಹಾಸನ ಜಿಲ್ಲೆಯಲ್ಲಿ ಮೇ ತಿಂಗಳ ಎರಡನೇ ವಾರದವರೆಗೂ ಒಂದು ಕೋವಿಡ್ ಪ್ರಕರಣವೂ ಇರಲಿಲ್ಲ. ಮೇ 12ರಂದು ಮೊದಲ ಐದು ಬಂದವು, ಮುಂಬೈನಿಂದ ಚನ್ನರಾಯಪಟ್ಟಣಕ್ಕೆ ಬಂದವರಲ್ಲಿ. ಚನ್ನರಾಯಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಈ ಮೂರು ತಾಲ್ಲೂಕುಗಳಿಂದ ಮುಂಬೈಗೆ ದುಡಿಯಲು ಹೋದವರು ಎಷ್ಟು ಜನ ಎಂಬುದು ಹೊರಗಿನವರಿಗೆ ತಿಳಿದದ್ದೇ ಆಗ. ಎಂದೂ ಕಾಣದ ಜಿಲ್ಲೆಯ ಗಡಿ ಆಗ ಕಂಡಿತು. ರಸ್ತೆಗೆ ಅಡ್ಡ ಬ್ಯಾರಿಕೇಡು, ಪೆಂಡಾಲು, ಮೇಜು, ಪುಸ್ತಕ, ಹಣೆಗೆ ಹಿಡಿಯುವ ಯಂತ್ರ.

ನಮ್ಮ ಭಾವನ ಮಗ ಹೆಂಡತಿ ಮಗುವಿನೊಂದಿಗೆ ಹಾಗೆ ಬಂದ. ಮನೆಯಿಂದ ಕೂಗಳತೆಯಲ್ಲಿ ಎನ್ನುವಷ್ಟು ಹತ್ತಿರ ಬಂದವನನ್ನು ಚೆಕ್‌ಪೋಸ್ಟಿನಲ್ಲಿ ಇಳಿಸಿಕೊಂಡು ಕ್ವಾರಂಟೈನಿಗೆಂದು ಒಂದು ಹಾಸ್ಟೆಲಿಗೆ ಕಳಿಸಿದರು. ಊರಿನ ಕೆಲವರು ಅವರು ಬರುವುದೇ ಬೇಡ ಎಂದರು. ಅವರೆಲ್ಲ ಆ ಹುಡುಗ ಜಾತ್ರೆಗೆ ಕಳಿಸಿದ ದುಡ್ಡಿನಲ್ಲಿ ಊಟ ಮಾಡಿದವರೇ. ಹೆದರಿಕೆ ಮನುಷ್ಯನನ್ನು ಹಾಗೆ ಮಾಡುತ್ತದೆ, ನಾನು ಅವರನ್ನು ದೂರುವುದಿಲ್ಲ. ಆ ದಿನಗಳಲ್ಲಿ ನಮ್ಮ ಯಜಮಾನರು ಕ್ಯಾರಿಯರಿನಲ್ಲಿ ಮುದ್ದೆ ಸಾರು ತುಂಬಿಸಿಕೊಂಡು ಹಾಸ್ಟೆಲಿನ ಗೇಟಿಗೆ ಹೋಗಿ ಕೊಟ್ಟು ಬರುತ್ತಿದ್ದರು. ಊರಿಗೆ ಬಂದವನನ್ನು ಇಳಿಸಿಕೊಳ್ಳಲು ಯಾರಾದರೂ ಒಬ್ಬರು ಬಂದು ನಿಲ್ಲಬೇಕು ಎನ್ನುವುದು ಅವರ ಗಟ್ಟಿಯಾದ ನಂಬಿಕೆ.

ಟೋಲ್ ದಾಟಿತು. ಕಂಡಕ್ಟರ್ ಎದ್ದು ನಿಂತು, ಕಂಬ ಹಿಡಿದುಕೊಂಡು ಕೂಗಿದರು: “ಹಿರೀಸಾವೆ ಇಳಿಯೋರು ಯಾರ್ರೀ?”

ಇಳಿಯುವವಳು ನಾನೊಬ್ಬಳೇ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಇಡೀ ಬಸ್ಸಿಗೆ ಕೇಳುವಂತೆ ಕೂಗಿದರು. ಆ ಕೂಗಿನಲ್ಲಿ ಹಿರೀಸಾವೆಯೂ ಹಾಸನದ ಸಮಕ್ಕೆ, ಧರ್ಮಸ್ಥಳದ ಸಮಕ್ಕೆ ಒಂದು ಊರಾಯಿತು. ಡ್ರೈವರು ಸರ್ವಿಸ್ ರಸ್ತೆಗೆ ಬಸ್ಸು ಇಳಿಸಿದರು. ಹಿಂದಿನ ಸೀಟಿನಿಂದ ಒಬ್ಬರು ನಿದ್ದೆಗಣ್ಣಲ್ಲೇ, “ಏನ್ರೀ ಇದು, ನಾನ್‌ಸ್ಟಾಪ್ ಅಂತ ಹತ್ತಿದ್ರೆ ಹಳ್ಳಿಹಳ್ಳಿಗೆಲ್ಲ ನಿಲ್ಲಿಸ್ತೀರಾ” ಎಂದು ಗದರಿದರು. ಕಂಡಕ್ಟರ್ ತಿರುಗಿ ಮಾತಾಡಲಿಲ್ಲ. ಒಂದು ಪೆಟ್ಟಿಗೆ ಅವರು ಹಿಡಿದರು, ಇನ್ನೊಂದನ್ನು ನನ್ನ ಪಕ್ಕದಲ್ಲಿದ್ದ ಗಾರ್ಮೆಂಟ್ಸಿನ ಹುಡುಗಿ ಎದ್ದು ಇಳಿಸಿಕೊಟ್ಟಳು.

ನಮ್ಮ ಯಜಮಾನರು ಇನ್ನೂ ಬಂದಿರಲಿಲ್ಲ. ಶ್ರವಣಬೆಳಗೊಳದ ರಸ್ತೆಯಲ್ಲಿ ನಮ್ಮ ಹಳ್ಳಿ. ಪಕ್ಕದ ಮನೆ ಹುಡುಗನ ಓಮ್ನಿಯಲ್ಲಿ ಬರುತ್ತಿದ್ದರು. ಅಂಗಡಿಗಳೆಲ್ಲ ಮುಚ್ಚಿದ್ದವು. ದೂರದಲ್ಲಿ ಒಂದೇ ಬೀದಿದೀಪ. ನಾನು, “ನೀವು ಹೊರಡಿಯಪ್ಪಾ, ಇನ್ನೇನು ಬಂದ್ಬಿಡ್ತಾರೆ” ಎಂದೆ. ಅವರು, “ಬರ್ಲಿ ಅಮ್ಮಾ, ಎರಡ್ ನಿಮಿಷಕ್ಕೆ ಏನಾಯ್ತದೆ” ಎಂದು ಬಾಗಿಲ ಮೆಟ್ಟಿಲಲ್ಲೇ ನಿಂತರು. ಡ್ರೈವರು ಹೆಡ್‌ಲೈಟ್ ಆರಿಸಲಿಲ್ಲ. ಓಮ್ನಿಯ ಬೆಳಕು ತಿರುವಿನಲ್ಲಿ ಕಂಡ ಮೇಲೆ, ನಮ್ಮವರು ಇಳಿದು ಹತ್ತಿರ ಬಂದ ಮೇಲೆ, “ಬರ್ತೀವಿ ಯಜಮಾನ್ರೇ” ಎಂದು ಹೇಳಿ ವಿಷಲ್ ಊದಿದರು. ಅವರ ಹೆಸರು ಕೇಳುವುದಕ್ಕೂ ಆಗಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಮಾತೆಲ್ಲ ಮೊಮ್ಮಗಳದ್ದೇ. ಬಸ್ಸಿನ ವಿಷಯ ನಾನು ಎತ್ತಿದ್ದು ಮಾರನೆಯ ದಿನ. ಆಮೇಲೆ ನಾನು ವಿಚಾರಿಸುತ್ತ ಹೋದಂತೆ ಗೊತ್ತಾದದ್ದು, ಇದು ನನ್ನೊಬ್ಬಳ ಕಥೆಯಲ್ಲ. ನಮ್ಮ ಹೋಬಳಿಯಲ್ಲಿ ಮನೆಗೊಬ್ಬರಂತೆ ಹೊರಗಿದ್ದಾರೆ: ಬೆಂಗಳೂರಲ್ಲಿ, ಮುಂಬೈಯಲ್ಲಿ, ಕೊಲ್ಲಿ ದೇಶಗಳಲ್ಲಿ, ಸಮುದ್ರದಾಚೆ. ತಂದೆ ತಾಯಿಗೆ ಹೆಚ್ಚುಕಮ್ಮಿ ಎಂದು ಫೋನು ಬಂದರೆ ಅವರು ಹೊರಡುವುದು ರಾತ್ರಿ ಬಸ್ಸಿಗೇ. ಕೊನೆಯ ಮುಖ ನೋಡಲು ಬರುವವರು ಚನ್ನರಾಯಪಟ್ಟಣದವರೆಗೆ ಹೋಗಿ, ಬೆಳಗಾಗುವವರೆಗೆ ಕೂತು, ಹಿಂದೆ ಬಂದದ್ದನ್ನು ಕೇಳಿದ್ದೇನೆ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನನ್ನು ನೋಡಲು ಬೆಂಗಳೂರಿಂದ ಬರುವ ದೂರದ ಜೈನ ಯಾತ್ರಿಕರೂ ಈ ಹಿರೀಸಾವೆಯಲ್ಲೇ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗುವವರು. ಇಂಥ ಊರನ್ನು ರಾತ್ರಿಯ ಹೊತ್ತು ನಿಲ್ಲದೆ ದಾಟಿಹೋಗಬಹುದಾದ ಊರು ಎಂದು ಎಣಿಸುವುದು ಸರಿಯಲ್ಲ.

ಆಗಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಈ ದಾರಿಯಲ್ಲಿ ಓಡುವ ಸರ್ಕಾರಿ ಬಸ್ಸುಗಳು, ಒಬ್ಬರೇ ಕೇಳಿದರೂ ಹೋಬಳಿ ಊರುಗಳಲ್ಲಿ ನಿಲ್ಲಬೇಕು ಎಂದು ಬರೆದ ನಿಯಮ ಬೇಕು. ಇಳಿಯುವ ಜಾಗದಲ್ಲಿ ಬೆಳಗಿನವರೆಗೆ ಉರಿಯುವ ಒಂದು ದೀಪ, ಮಳೆ ಬಂದರೆ ನಿಲ್ಲಲು ಒಂದು ಸೂರು, ಹೆಂಗಸರಿಗೆ ಬೀಗ ಹಾಕದ ಒಂದು ಶೌಚಾಲಯ ಬೇಕು. ಪಂಚಾಯಿತಿಯವರು, ಸಾರಿಗೆಯವರು, ಹೆದ್ದಾರಿಯವರು ಒಂದು ದಿನ ಒಟ್ಟಿಗೆ ಕೂತು ಮಾತಾಡಿದರೆ ಆಗುವ ಕೆಲಸ ಇದು.

ಇನ್ನು ಓದುವ ನಿಮ್ಮಲ್ಲಿ ಒಂದು ಕೇಳಿಕೆ. ನೀವು ಹಾಸನಕ್ಕೋ ಮಂಗಳೂರಿಗೋ ಧರ್ಮಸ್ಥಳಕ್ಕೋ ರಾತ್ರಿ ಬಸ್ಸಿನಲ್ಲಿ ಹೋಗುವವರಾಗಿದ್ದು, ನಿಮಗೆ ಹೆಸರೇ ಗೊತ್ತಿಲ್ಲದ ಊರಲ್ಲಿ ಬಸ್ಸು ನಿಂತರೆ, ಕಂಡಕ್ಟರನ್ನು ಗದರಬೇಡಿ. ಆ ಊರಿನವರು ಯಾರೋ ಬಹಳ ದೂರದಿಂದ ಬಂದಿರುತ್ತಾರೆ. ಅವರು ಇಳಿಯಲಿ. ಕರೆದುಕೊಂಡು ಹೋಗುವವರು ಬರುವ ತನಕ ಬಸ್ಸು ಎರಡು ನಿಮಿಷ ನಿಂತಿರಲಿ.